ಬಾಗಿಲ ಬಳಿಯ ತಾಂಬೂಲದ ಚೀಲ

ಲಂಡನ್ನಿನ ಹ್ಯಾರೋದಲ್ಲಿ ಇಪ್ಪತ್ತೆರಡು ವರ್ಷ ಜಿಪಿ ಸರ್ಜರಿಯ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ, ರಿಸೆಪ್ಷನ್‌ನಲ್ಲಿ ಕುಳಿತವಳು ನಾನು. ಬೆಳಿಗ್ಗೆ ಎಂಟಕ್ಕೆ ಫೋನ್ ಎತ್ತಿ, "ಇವತ್ತು ಅಪಾಯಿಂಟ್‌ಮೆಂಟ್ ಇಲ್ಲ" ಎಂದು ಅರ್ಧ ಹ್ಯಾರೋಗೆ ಹೇಳಿದ ಬಾಯಿ ಇದು. ಯಾರಿಗೆ ನಿಜವಾಗಿ ಕಾಯಿಲೆ, ಯಾರಿಗೆ ಬರೀ ಹೆದರಿಕೆ ಎಂಬುದು ಅವರು ಹಲೋ ಅನ್ನುವಷ್ಟರಲ್ಲೇ ನನಗೆ ಗೊತ್ತಾಗುತ್ತಿತ್ತು. ಹಾಗಾಗಿ ನನ್ನ ಗಂಡನಿಗೆ ಏನಾಗಿದೆ ಎಂದು ತಿಳಿಯಲು ಯಾವ ಸ್ಪೆಷಲಿಸ್ಟೂ ಬೇಕಾಗಿರಲಿಲ್ಲ. ಅವರಿಗೆ ಹೆದರಿಕೆ ಆಗಿತ್ತು.

ಕಾರಣವೇ ಇರಲಿಲ್ಲ ಎನ್ನುವುದಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಹಿತ್ತಲಿನ ಹುಲ್ಲು ಕತ್ತರಿಸುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟರು. ಆಂಬುಲೆನ್ಸ್ ಬಂತು, ಸ್ಟೆಂಟ್ ಹಾಕಿದರು, ನಾಲ್ಕನೆಯ ದಿನ ಮನೆಗೆ ಕಳಿಸಿದರು. "ಇನ್ನು ನಡೀರಿ, ತಿರುಗಾಡಿ, ಊರು ನೋಡಿ" ಎಂದಳು ನಮ್ಮ ಮಗಳು ವಿಭಾಳ ವಯಸ್ಸಿನ ಕಾರ್ಡಿಯಾಲಜಿಸ್ಟ್. ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ಆದರೆ ನಮ್ಮ ಜಗನ್ನಾಥ ಮೂವತ್ತಮೂರು ವರ್ಷ ಅರಿವಳಿಕೆ ಡಾಕ್ಟರಾಗಿ ಆಪರೇಷನ್ ಥಿಯೇಟರಿನಲ್ಲಿ ನಿಂತವರು. ಮನುಷ್ಯನ ದೇಹದಲ್ಲಿ ಎಲ್ಲೆಲ್ಲಿ ಏನೇನು ಕೈಕೊಡಬಹುದು ಎಂಬುದು ಅವರಿಗೆ ಬಾಯಿಪಾಠ.

ಆಸ್ಪತ್ರೆಯಿಂದ ಬಂದ ಮರುದಿನವೇ ಮುಂಬಾಗಿಲ ಬಳಿ, ಚಪ್ಪಲಿ ಗೂಡಿನ ಪಕ್ಕ, ಒಂದು ಚೀಲ ಬಂದು ಕುಳಿತಿತು. ಅದು ತಾಂಬೂಲದ ಚೀಲ. ಮಗಳ ಮದುವೆಗೆ ಬಂದವರಿಗೆ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಕೊಡಲು ಮೈಸೂರಿನಲ್ಲಿ ನಾನೂರು ಮಾಡಿಸಿದ್ದೆವು. ಕುಂಕುಮ ಬಣ್ಣದ ಬಟ್ಟೆ, ಮೇಲೆ ಚಿನ್ನದ ಅಕ್ಷರದಲ್ಲಿ 'ವಿಭಾ – ಸಂದೀಪ್'. ಅರವತ್ತು ಉಳಿದವು. ಬಿಸಾಡಲು ಮನಸ್ಸು ಬರದೆ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಈರುಳ್ಳಿ, ಪಾಸ್‌ಪೋರ್ಟು, ಇಸ್ತ್ರಿ ಬಟ್ಟೆ, ಕೌನ್ಸಿಲ್ ಕಾಗದ ಎಲ್ಲವೂ ವಿಭಾ–ಸಂದೀಪರ ಹೊಟ್ಟೆಯೊಳಗೇ. ಜಗನ್ನಾಥರ ಆ ಚೀಲದಲ್ಲಿ ಒಂದು ಜೊತೆ ಪೈಜಾಮ, ಟೂತ್‌ಬ್ರಶ್, ಚಾರ್ಜರ್, ಇಸಿಜಿಯ ನಕಲು, ಡಿಸ್ಚಾರ್ಜ್ ಕಾಗದ ಇದ್ದವು. ಮತ್ತೆ ಆಸ್ಪತ್ರೆಗೆ ಹೋಗಬೇಕಾದರೆ ಹುಡುಕಾಡಬಾರದಲ್ಲ.

ಮೊದಲ ತಿಂಗಳು ನಾನು ಮಾತಾಡಲಿಲ್ಲ. ಆಮೇಲೆ ಗಮನಿಸಿದೆ. ತರಕಾರಿ ಅಂಗಡಿಗೆ ಹೋದರೂ ಚೀಲ ಹೆಗಲಿಗೆ. ಎಜ್‌ವೇರಿನ ಗೆಳತಿ ಸುಶೀಲಾಬಾಯಿಯ ಮನೆಗೆ ತಿಂಗಳಿಗೊಮ್ಮೆ ಊಟಕ್ಕೆ ಹೋಗುತ್ತಿದ್ದವರು, ಅಲ್ಲಿಂದ ನಮ್ಮ ಆಸ್ಪತ್ರೆಗೆ ಇಪ್ಪತ್ತೈದು ನಿಮಿಷ ಎಂದು ನಿಲ್ಲಿಸಿದರು. ಅಕ್ಸ್‌ಬ್ರಿಡ್ಜಿನಲ್ಲಿರುವ ಮಗಳ ಮನೆಗೆ ಮೂವತ್ತು ನಿಮಿಷ. ಅದೂ ನಿಂತಿತು. ಬೇಕಾದರೆ ಅವಳೇ ಬರಲಿ. ಏಪ್ರಿಲ್ ಹೊತ್ತಿಗೆ ಅವರ ಲಂಡನ್ ಎಂದರೆ ನಮ್ಮ ಮನೆ, ಅಂಗಡಿ ಸಾಲು ಮತ್ತು ಆಸ್ಪತ್ರೆಯ ಮುಂದಿನ ಬಸ್‌ಸ್ಟಾಪು, ಇಷ್ಟೇ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರೆ. ಸರಿ, ಆದರೆ ಆ ಹಗ್ಗದಿಂದ ನನ್ನನ್ನೂ ಕಟ್ಟಿಹಾಕಿದರೆ ಹೇಗೆ? ನನಗೆ ಅರವತ್ತನಾಲ್ಕು. ರಿಟೈರಾದ ಮೇಲೆ ಇಬ್ಬರೂ ತಿರುಗಾಡೋಣ ಎಂದು ಮಾತು ಕೊಟ್ಟವರು ಇವರೇ.

ಬಾತ್ ಊರಿಗೆ ಎರಡು ದಿನ ಹೋಗಿಬರೋಣ ಎಂದು ನಾನು ಕಾಫಿ ಲೋಟ ಕೈಗಿಡುತ್ತಾ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಯಾಕೆ? ಒಂದು ಕಾರಣ ಹೇಳು."

"ಒಂದ್ಯಾಕ್ರಿ, ದಿನಕ್ಕೊಂದು ಹೇಳ್ತೀನಿ," ಎಂದೆ. ನಾನು ಧಾರವಾಡದವಳು. ಸವಾಲು ಹಾಕಿದರೆ ಬಿಡುವ ಪೈಕಿ ಅಲ್ಲ.

ಮೊದಲ ದಿನ ನೀರಿನ ವಿಷಯ ಹೇಳಿದೆ. "ನೆಲದಾಗಿಂದ ತಾನ ಬಿಸಿನೀರು ಬರ್ತದ. ಎರಡು ಸಾವಿರ ವರ್ಷದಿಂದ ಬಾಯ್ಲರ್ ಕೆಟ್ಟಿಲ್ಲ ನೋಡ್ರಿ." ಆ ಚಳಿಗಾಲದಲ್ಲಿ ನಮ್ಮ ಬಾಯ್ಲರ್ ಎರಡು ಸಲ ಕೆಟ್ಟಿತ್ತು.

"ನಮ್ಮನೇಲೂ ಬಿಸಿನೀರು ಬರುತ್ತೆ ಕಣೇ. ಆಸ್ಪತ್ರೆಗೆ ಒಂಬತ್ತು ನಿಮಿಷ."

ಮರುದಿನ ರೋಮನ್ನರನ್ನು ಕರೆತಂದೆ. ಅವರು ಆ ಬುಗ್ಗೆಯ ಮೇಲೆ ಕೊಳ ಕಟ್ಟಿ, ಪಕ್ಕದಲ್ಲೇ ದೇವಿಗೆ ಗುಡಿ ಕಟ್ಟಿದ್ದರು. ಏನಾದರೂ ಕಳೆದುಕೊಂಡವರು ಸೀಸದ ತಗಡಿನ ಮೇಲೆ ದೂರು ಬರೆದು, ಸುರುಳಿ ಸುತ್ತಿ ಆ ನೀರಿಗೆ ಎಸೆಯುತ್ತಿದ್ದರಂತೆ. ಒಬ್ಬನ ಕೈಗವಸು ಕಳುವಾಗಿತ್ತು, ಕದ್ದವನಿಗೆ ಬುದ್ಧಿ ಕೆಡಲಿ, ಕಣ್ಣು ಹೋಗಲಿ ಎಂದು ಬರೆದಿದ್ದಾನೆ. ಇದನ್ನು ಓದಿ ನನಗೆ ಆ ದೇವಿಯ ಮೇಲೆ ಕನಿಕರ ಬಂತು. "ಪಾಪ, ಆಕಿನೂ ರಿಸೆಪ್ಷನ್ನಾಗ ಕೂತಾಕಿನ," ಎಂದೆ. ಜಗನ್ನಾಥ ನಕ್ಕರು. ನಕ್ಕು, ಮತ್ತೆ ಪೇಪರಿಗೆ ಹೋದರು.

ನದಿ ಹೇಳಿದೆ. ಎರಡೂ ಬದಿ ಅಂಗಡಿಗಳಿರುವ ಸೇತುವೆ ಹೇಳಿದೆ. ಬೆಲ್ಲದ ಬಣ್ಣದ ಕಲ್ಲಿನ ಮೂವತ್ತು ಮನೆಗಳು ಅರ್ಧಚಂದ್ರನಾಗಿ ನಿಂತಿವೆ ಎಂದೆ. ಎಲ್ಲವೂ ಕಾಲಳತೆಯಲ್ಲಿದೆ, ಎರಡು ದಿನ ಸಾಕು, ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆ ಎಂದೆ. ಒಂದೂವರೆ ಗಂಟೆ ಎಂದ ಕೂಡಲೇ ಮುಖ ಬಿಗಿಯಿತು. ರೈಲಿನಲ್ಲಿ ಏನಾದರೂ ಆದರೆ?

ಮಗಳಿಗೆ ಫೋನ್ ಮಾಡಿ ಬೈದುಕೊಂಡೆ. ನಾನು ಕನ್ನಡದಲ್ಲಿ ಹೇಳಿದರೆ ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಡುವುದು. "ಅಮ್ಮಾ, ಜಸ್ಟ್ ಬುಕ್ ಇಟ್," ಎಂದಳು.

ಆಮೇಲೆ ತೀರ್ಥದ ಮಾತು ತೆಗೆದೆ. "ದೇವಿ ಇದ್ದಲ್ಲಿ ಬಿಸಿನೀರು ಉಕ್ಕಿದ್ರ ಅದು ತೀರ್ಥನ. ಕಾಶಿಗೆ ಹೋಗಿ ಮೂವತ್ತು ವರ್ಷಾತು, ಇನ್ನೊಂದು ತೀರ್ಥ ಆಗ್ಲಿ." ಕಾಶಿ ಎಂದ ಕೂಡಲೇ ಅವರು ಕಣ್ಣು ತಪ್ಪಿಸಿದರು, ಅದಕ್ಕೂ ಒಂದು ಕಥೆಯಿದೆ. ಕಾಶಿಗೆ ಹೋದವರು ತಮಗೆ ಪ್ರೀತಿಯಾದ ಏನನ್ನಾದರೂ ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಆಯುಷ್ಯವಿಡೀ ಮುಟ್ಟಬಾರದು. ಅತ್ತೆಯವರ ಜೊತೆ ಹೋಗಿದ್ದಾಗ ನಾನು ಸೀಬೆಹಣ್ಣು ಬಿಟ್ಟೆ. ಉಪ್ಪುಖಾರ ಹಚ್ಚಿದ ಸೀಬೆಹಣ್ಣೆಂದರೆ ಪ್ರಾಣ ನನಗೆ. ಈ ಮಹಾನುಭಾವರು ಸೊಂಟದಮಟ್ಟ ನೀರಿನಲ್ಲಿ ನಿಂತು, ಪುರೋಹಿತರ ಎದುರು, ಗಂಭೀರವಾಗಿ ಪಡವಲಕಾಯಿ ಬಿಟ್ಟರು. ಹುಟ್ಟಿದಾಗಿನಿಂದ ಪಡವಲಕಾಯಿ ಕಂಡರೆ ಮೈಲು ದೂರ ಓಡುವ ಮನುಷ್ಯ! ಗಂಗೆಗೇ ಟೋಪಿ ಹಾಕಿದವರು.

"ಈಗ ಯಾಕೆ ಆ ಹಳೇದೆಲ್ಲ?" ಎಂದು ಗೊಣಗಿದರು.

ಕೊನೆಗೆ ಐದನೆಯ ದಿನ ನಾನು ಫೋನಿನಲ್ಲಿ ಮ್ಯಾಪ್ ತೆಗೆದು ಅವರ ಮುಂದೆ ಹಿಡಿದೆ. ನಾವು ಉಳಿದುಕೊಳ್ಳುವ ಗೆಸ್ಟ್‌ಹೌಸಿನಿಂದ ಆ ಊರಿನ ದೊಡ್ಡ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ಅವರು ಕನ್ನಡಕ ಹಾಕಿಕೊಂಡರು. ಎರಡು ಬೆರಳಿನಲ್ಲಿ ಮ್ಯಾಪ್ ದೊಡ್ಡದು ಮಾಡಿ ನೋಡಿದರು.

"ಸ್ಟೆಂಟ್ ಹಾಕೋ ವ್ಯವಸ್ಥೆ ಇದೆಯಂತಾ?"

"ಫೋನ್ ಮಾಡಿ ಕೇಳೇನಿ. ಅದ."

"ಸರಿ, ಬುಕ್ ಮಾಡು," ಎಂದರು.

ಗೆದ್ದೆ ಎಂದು ಖುಷಿಪಡಬೇಕೋ, ಎರಡು ಸಾವಿರ ವರ್ಷದ ಊರನ್ನು ಒಂದು ಆಸ್ಪತ್ರೆಗಾಗಿ ಒಪ್ಪಿಕೊಂಡರಲ್ಲ ಎಂದು ಸಿಟ್ಟಾಗಬೇಕೋ ತಿಳಿಯಲಿಲ್ಲ. ಎರಡೂ ಮಾಡಿದೆ.

ಮೇ ತಿಂಗಳ ಒಂದು ಮಂಗಳವಾರ ಹೊರಟೆವು. ಹಿಂದಿನ ಸಂಜೆ ನಾನು ಬಾಗಿಲ ಬಳಿ ಇನ್ನೊಂದು ಚೀಲ ಇಟ್ಟಿದ್ದೆ. ಅದು ಸುಶೀಲಾಬಾಯಿಗೆ ಹೋಗಬೇಕಾದದ್ದು. ಅವಳ ಮೂರು ಸ್ಟೀಲ್ ಡಬ್ಬಿಗಳು ಆಗಸ್ಟಿನಿಂದ ನಮ್ಮಲ್ಲೇ ಉಳಿದಿದ್ದವು. ನಮ್ಮವರಲ್ಲಿ ಇನ್ನೊಬ್ಬರ ಡಬ್ಬಿ ಖಾಲಿ ಮರಳಿಸುವ ಹಾಗಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಒಂಬತ್ತು ತಿಂಗಳು ತಡವಾದ ಡಬ್ಬಿಗೆ ಸಕ್ಕರೆ ಸಾಲದೆಂದು ಶೇಂಗಾ ಹೋಳಿಗೆ ಮಾಡಿ ತುಂಬಿದ್ದೆ. ವಿಭಾ ಬಂದು ಒಯ್ದು ಕೊಡುವುದೆಂದು ಮಾತಾಗಿತ್ತು. ಚೀಲ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಕುಂಕುಮ ಬಣ್ಣ, ಚಿನ್ನದ ಅಕ್ಷರ.

ಬೆಳಿಗ್ಗೆ ಮಿನಿಕ್ಯಾಬಿನವನು ಹಾರ್ನ್ ಹೊಡೆದ. ಜಗನ್ನಾಥ ಮೂರನೆಯ ಸಲ ಗ್ಯಾಸ್ ನೋಡಲು ಹೋದರು, ನಾನು ಸೂಟ್‌ಕೇಸ್ ಎಳೆದುಕೊಂಡು "ಬರ್ರಿ ಲಗೂನ" ಎಂದು ಕೂಗಿದೆ. ಅವರು ಓಡಿಬಂದು, ಬಗ್ಗಿ, ಚೀಲ ಎತ್ತಿ ಹೆಗಲಿಗೆ ಹಾಕಿದರು. ತಮ್ಮ ಕೈಯಾರೆ ಎತ್ತಿದರು, ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಪ್ಯಾಡಿಂಗ್ಟನ್ ಬಿಟ್ಟು ಹತ್ತು ನಿಮಿಷವಾಗಿರಬೇಕು. ಎಲ್ಲ ಸರಿಯಾಗಿದೆಯೇ ಎಂದು ನೋಡಲು ಚೀಲದ ದಾರ ಸಡಿಲಿಸಿದರು. ಒಳಗೆ ಕೈ ಹಾಕಿದರು. ಡಬ್ಬಿಯೊಂದನ್ನು ಹೊರತೆಗೆದು, ಮುಚ್ಚಳ ತೆರೆದು, ಹೋಳಿಗೆಗಳನ್ನು ನೋಡುತ್ತಾ ಕುಳಿತರು. ಅವರ ಮುಖ ಬಿಳಿಚಿಕೊಂಡಿತು.

"ಬೇಕು ಅಂತಲೇ ಮಾಡಿದ್ದೀಯ."

"ನಾ ಎಲ್ಲಿ ಮಾಡೇನ್ರಿ? ಎತ್ತಿದವರು ಯಾರು?"

"ಪಕ್ಕದಲ್ಲಿ ಅಂಥದ್ದೇ ಚೀಲ ಇಟ್ಟಿದ್ದು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನಗೆ. ನಾನು ಬೇಕೆಂದು ಮಾಡಿರಲಿಲ್ಲ. ಆದರೆ ಆ ಚೀಲ ಎಲ್ಲಾದರೂ ಹಾಳಾಗಿ ಹೋಗಲಿ ಎಂದು ಹತ್ತು ಸಲವಾದರೂ ಬಯಸಿದ್ದೆ.

"ರೀಡಿಂಗ್‌ನಲ್ಲಿ ಇಳಿಯೋಣ. ವಾಪಸ್ ಹೋಗೋಣ," ಎಂದರು.

ನಾನು ರಿಸೆಪ್ಷನ್ ದನಿ ತೆಗೆದೆ. "ನಾಲಿಗಿ ಕೆಳಗ ಹೊಡಕೊಳ್ಳೋ ಸ್ಪ್ರೇ ಎಲ್ಲದ?"

"ಜೇಬಲ್ಲಿದೆ."

"ಗುಳಿಗಿ?"

"ಅದೂ ಜೇಬಲ್ಲೇ."

"ಇಸಿಜಿ, ಕಾಗದ?"

"ವಿಭಾ ಫೋನಿಗೆ ಹಾಕಿಕೊಟ್ಟಿದ್ದಾಳೆ."

"ಹಂಗಂದ್ರ ಚೀಲದಾಗ ಉಳಿದದ್ದು ಏನು?"

ಅವರು ಯೋಚಿಸಿದರು. "ಪೈಜಾಮ," ಎಂದರು.

ನನಗೆ ನಗು ಬಂದುಬಿಟ್ಟಿತು. ನಗಬಾರದಿತ್ತು. ಅವರು ಎದ್ದು ಕೋಟು ಹಾಕಿಕೊಂಡರು. ರೈಲು ನಿಧಾನವಾಗುತ್ತಿತ್ತು, ರೀಡಿಂಗ್ ಎಂದು ಕೂಗುತ್ತಿದ್ದರು.

"ಏಳು," ಎಂದರು.

"ನಾ ಇಳಿಯಂಗಿಲ್ಲ."

ಎಷ್ಟೋ ಸಾವಿರ ಜನರಿಗೆ ಇಲ್ಲ ಎಂದವಳು ನಾನು. ಇವರಿಗೆ ಹೀಗೆ ಹೇಳಿದ್ದು ಅದೇ ಮೊದಲು. "ಐದು ಕಾರಣ ಹೇಳೇನಿ, ಆರನೇದ್ದು ಹೇಳಿರಲಿಲ್ಲ, ಈಗ ಕೇಳ್ರಿ. ಎಂಟು ತಿಂಗಳಿಂದ ನಾ ಸತ್ತ ಗಂಡನ ಮನ್ಯಾಗ ಇದ್ದಂಗ ಇದ್ದೀನಿ. ನೀವ್ ನೋಡಿದ್ರ ಬದುಕೇ ಇದ್ದೀರಿ. ಬದುಕಿದ ಗಂಡನ ಕೂಡ ನನಗ ಎರಡು ದಿನ ಬೇಕು. ಬರೋದಿದ್ರ ಬರ್ರಿ. ಇಲ್ಲಾಂದ್ರ ಆ ದೇವಿಗೆ ತಗಡಿನ ಮ್ಯಾಲೆ ನಿಮ್ಮ ಹೆಸರು ಬರದು ಬರ್ತೀನಿ."

ಎದುರು ಸೀಟಿನ ಹುಡುಗಿ ಫೋನಿನಿಂದ ಕಣ್ಣೆತ್ತಿ ನೋಡಿ, ಮತ್ತೆ ತಗ್ಗಿಸಿದಳು. ಜಗನ್ನಾಥ ಬಾಗಿಲಿಗೆ ಹೋಗಿ ಇಳಿದರು.

ಕಿಟಕಿಯಾಚೆ ಪ್ಲಾಟ್‌ಫಾರಂ ಮೇಲೆ ಅವರು ನಿಂತಿದ್ದು ಕಂಡಿತು. ಅಲ್ಲಿ ನಿಂತ ಅವರು ಮನೆಯಲ್ಲಿ ಕಂಡದ್ದಕ್ಕಿಂತ ಸಣ್ಣಗಾಗಿದ್ದರು, ಕೋಟಿನ ತೋಳು ಉದ್ದವಾಗಿತ್ತು. ಇಷ್ಟು ಇಳಿದುಹೋಗಿದ್ದನ್ನು ನಾನು ನೋಡಿರಲೇ ಇಲ್ಲ. ಇಲ್ಲೇ, ನನ್ನ ಹಟದಿಂದಲೇ, ಎದೆ ಹಿಡಿದುಕೊಂಡು ಕೂತುಬಿಟ್ಟರೆ? ಬಾಗಿಲ ಬೀಪ್ ಶುರುವಾಯಿತು. ನಾನು ಅರ್ಧ ಎದ್ದೆ. ಅಷ್ಟರಲ್ಲಿ ಅವರು ಎರಡು ಹೆಜ್ಜೆ ಓಡಿ, ಹೌದು, ಓಡಿ, ಒಳಗೆ ಬಂದರು.

ಬಂದು ಕುಳಿತು ನಾಡಿ ಹಿಡಿದು ನೋಡಿಕೊಂಡರು. ಆಮೇಲೆ, "ಹೋಳಿಗೆ ಎಷ್ಟಿದೆ?" ಎಂದರು.

"ಹನ್ನೆರಡು."

"ಒಂದು ಕೊಡು."

ಸ್ವಿಂಡನ್ ಬರುವಷ್ಟರಲ್ಲಿ ಎರಡು ತಿಂದಿದ್ದರು. ಸುಶೀಲಾಬಾಯಿಗೆ ಮತ್ತೆ ಮಾಡಬೇಕಾಗುತ್ತದೆಂದು ನನಗೆ ಆಗಲೇ ಗೊತ್ತಾಯಿತು. ಚೀಲ ಒಯ್ಯಲು ಬರಬೇಡವೆಂದು ವಿಭಾಗೆ ಮೆಸೇಜ್ ಹಾಕಿದೆ.

ಆ ಊರಿನ ಬಗ್ಗೆ ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಕಲ್ಲು ನಿಜವಾಗಿ ಬೆಲ್ಲದ ಬಣ್ಣದ್ದೇ. ರೋಮನ್ನರ ಕೊಳದಲ್ಲಿ ಹಸಿರು ನೀರಿನಿಂದ ಹಬೆ ಏಳುತ್ತಿತ್ತು, ಮುಟ್ಟಬೇಡಿ ಎಂದು ಬೋರ್ಡಿತ್ತು. ಕುಡಿಯಲು ಬೇರೆ ಕಡೆ ಲೋಟದಲ್ಲಿ ಆ ನೀರು ಕೊಡುತ್ತಾರೆ. ನಾನು ಅಭ್ಯಾಸಬಲದಿಂದ ಅಂಗೈಗೆ ಹಾಕಿಕೊಂಡು ಮೂರು ಸಲ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡೆ. ನೀರು ಕೊಟ್ಟವನು ಟಿಶ್ಯೂ ಬೇಕೇ ಎಂದು ಕೇಳಿದ. ಜಗನ್ನಾಥ ಲೋಟದಲ್ಲೇ ಕುಡಿದು, "ಮೊಳೆ ಬೇಯಿಸಿದ ನೀರಿನ ಹಾಗಿದೆ," ಎಂದರು. ಅದೂ ನಿಜವೇ.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದೆವು. ಅದೇ ಬುಗ್ಗೆಯ ನೀರನ್ನು ಈಗಿನ ಕಾಲದ ಕಟ್ಟಡವೊಂದರ ತಾರಸಿಗೆ ತಂದು ಈಜುಕೊಳ ಮಾಡಿದ್ದಾರೆ. ಕಾರ್ಡಿಯಾಲಜಿಸ್ಟ್‌ಳನ್ನು ಮೊದಲೇ ಕೇಳಿ, ಹದಿನೈದು ನಿಮಿಷ ಇರಬಹುದು ಎಂದು ಹೇಳಿಸಿಕೊಂಡಿದ್ದೆವು. ವಿಭಾ ಕೊಡಿಸಿದ ಉದ್ದ ತೋಳಿನ ಈಜುಡುಗೆಯಲ್ಲಿ ನಾನು ನಾಚಿಕೊಂಡೇ ಇಳಿದೆ. ನೀರು ಬೆಚ್ಚಗೆ ಎದೆಯವರೆಗೆ ಬಂತು, ಗಾಳಿ ತಣ್ಣಗಿತ್ತು, ಹಬೆಯಾಚೆ ಚರ್ಚಿನ ಗೋಪುರ ಕಾಣುತ್ತಿತ್ತು. ಎಂಟು ತಿಂಗಳಲ್ಲಿ ಮೊದಲ ಬಾರಿ ಜಗನ್ನಾಥರ ಭುಜ ಕೆಳಗಿಳಿದಿದ್ದು ಕಂಡೆ. ಕಂಡು ಕಣ್ಣು ತುಂಬಿತು.

"ತೀರ್ಥಕ್ಕ ಇಳಿದೀರಿ, ಏನರೆ ಬಿಡಬೇಕು," ಎಂದೆ. "ಪಡವಲಕಾಯಿ ಅಂದ್ರ ಇಲ್ಲೇ ಮುಳುಗಿಸಿಬಿಡ್ತೀನಿ."

ಅವರು ನಗಲಿಲ್ಲ. "ಚೀಲ ಬಿಟ್ಟೆ," ಎಂದರು. "ನಿನ್ನೆ ಅದಿಲ್ಲದೆ ಮಲಗಿದ್ದೆ. ಎದ್ದಾಗ ಬದುಕಿದ್ದೆ. ಸಾಕು, ಬಿಟ್ಟೆ."

ನಾನು ನೀರಿನೊಳಗೇ ಅವರ ಕೈ ಹಿಡಿದುಕೊಂಡೆ.

"ಈಗ ನಿಂದು. ನೀನೂ ತೀರ್ಥಕ್ಕೆ ಇಳಿದಿದ್ದೀಯಲ್ಲ."

"ನಾ ಕಾಶಿಯೊಳಗ ಖರೇನ ಬಿಟ್ಟಾಕಿ. ನಂದೇನ್ ಬಾಕಿ ಇಲ್ಲ."

"ರಾತ್ರಿ ನನ್ನ ಮೂಗಿನ ಹತ್ರ ಕೈ ಹಿಡೀತೀಯಲ್ಲ," ಎಂದರು ಮೆಲ್ಲಗೆ, "ಉಸಿರು ಬರ್ತಿದೆಯಾ ಅಂತ. ಅದನ್ನ ಬಿಡು."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುವುದಿಲ್ಲವೇ? ಎಂಟು ತಿಂಗಳು, ಪ್ರತಿ ರಾತ್ರಿ, ಎರಡು ಸಲ, ಮೂರು ಸಲ. ಯಾರಿಗೂ ಹೇಳಿರಲಿಲ್ಲ. ಹಗಲೆಲ್ಲ ಇವರ ಹೆದರಿಕೆಯನ್ನು ಗೇಲಿ ಮಾಡಿದವಳು ನಾನೇ.

"ನಿಮಗ ಹೆಂಗ ಗೊತ್ತು? ನೀವು ಮಲಗಿರತೀರಿ."

"ಮಲಗಿದವರ ಉಸಿರು ನೋಡ್ಕೊಂಡೇ ಮೂವತ್ತಮೂರು ವರ್ಷ ಅನ್ನ ತಿಂದವನು ಕಣೇ ನಾನು. ನನ್ನ ಉಸಿರನ್ನ ಯಾರಾದ್ರೂ ನೋಡ್ತಿದ್ರೆ ತಿಳಿಯಲ್ವೇ? ನೀನು ಅಷ್ಟು ಹೆದರಿದ್ದೀಯ ಅಂದ್ಮೇಲೆ ಏನೋ ಇರಲೇಬೇಕು ಅಂತ ನಾನು ಚೀಲ ಇಟ್ಕೊಂಡೆ."

ಹದಿನೈದು ನಿಮಿಷವಾಗಿತ್ತು. ಆದರೂ ಇಬ್ಬರೂ ಏಳಲಿಲ್ಲ. ನಾನು ಮೂಗು ಹಿಡಿದು ಒಂದು ಮುಳುಗು ಹಾಕಿ ಮೇಲೆ ಬಂದೆ. "ಬಿಟ್ಟೆ," ಎಂದೆ.

ಸಂಜೆ ಹ್ಯಾರೋಗೆ ಮರಳಿದಾಗ ಚೀಲ ಚಪ್ಪಲಿ ಗೂಡಿನ ಪಕ್ಕ ಇದ್ದ ಹಾಗೆಯೇ ಇತ್ತು. ಅವರು ಅದನ್ನು ನೋಡದೆ ಮೇಲೆ ಹೋದರು. ಆ ರಾತ್ರಿ ನಾನು ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಮಲಗಿದೆ. ತೀರ್ಥದಲ್ಲಿ ಬಿಟ್ಟದ್ದು ಬಿಟ್ಟದ್ದೇ.

ಎಚ್ಚರವಾದಾಗ ಒಂಬತ್ತೂವರೆ. ಅಷ್ಟು ಹೊತ್ತು ನಾನು ಮಲಗಿದ್ದು ಯಾವ ಕಾಲವಾಯಿತೋ. ಪಕ್ಕ ತಿರುಗಿದೆ, ಹಾಸಿಗೆ ಖಾಲಿ. ಕೂಗಿದೆ, ಉತ್ತರವಿಲ್ಲ. ಅವರ ಫೋನು ಮೇಜಿನ ಮೇಲೆ ಚಾರ್ಜಿಗಿತ್ತು. ಕೆಳಗಿಳಿದು ಬಂದೆ. ಬಾಗಿಲ ಬಳಿ ಚೀಲ ಇರಲಿಲ್ಲ.

ಚೀಲ ಇಲ್ಲವೆಂದರೆ ಅದಕ್ಕೆ ಒಂದೇ ಅರ್ಥ. ನಾನು ಗೊರಕೆ ಹೊಡೆಯುತ್ತಿದ್ದಾಗ ಅವರಿಗೆ ನೋವು ಬಂದಿದೆ, ಎಬ್ಬಿಸಬಾರದೆಂದು ಒಬ್ಬರೇ ಹೋಗಿದ್ದಾರೆ. ಕೈ ಹಿಡಿದು ನೋಡಿದ್ದರೆ ತಿಳಿಯುತ್ತಿತ್ತು. ಯಾವ ದೇವಿ, ಯಾವ ತೀರ್ಥ, ನನ್ನ ತಲೆ! ನೈಟಿಯಲ್ಲೇ, ಬರಿಗಾಲಿನಲ್ಲೇ ಗೇಟಿನವರೆಗೆ ಓಡಿದೆ.

ರಸ್ತೆಯ ತಿರುವಿನಲ್ಲಿ ಅವರು ಬರುತ್ತಿದ್ದರು. ಆರಾಮವಾಗಿ, ಎದುರುಮನೆಯವರ ನಾಯಿಯನ್ನು ಮಾತಾಡಿಸಿಕೊಂಡು. ಹೆಗಲ ಮೇಲೆ ವಿಭಾ–ಸಂದೀಪರ ಚೀಲ, ಅದರ ಬಾಯಿಂದ ಒಂದು ಮೊಳ ಉದ್ದಕ್ಕೆ ಹೊರಗೆ ಚಾಚಿಕೊಂಡಿದ್ದ ಪಡವಲಕಾಯಿ.

"ಪೈಜಾಮ ಬೀರುವಿನಲ್ಲಿಟ್ಟೆ," ಎಂದರು. "ಚೀಲ ಗಟ್ಟಿ ಇದೆ, ತರಕಾರಿಗಾದೀತು."

ನನಗೆ ಅಳುವೋ ಸಿಟ್ಟೋ ತಿಳಿಯಲಿಲ್ಲ. "ಇದನ್ನ ನೀವು ಕಾಶಿಯೊಳಗ ಬಿಟ್ಟಿದ್ರಿ," ಎಂದೆ.

"ಅದು ಸುಳ್ಳು ಬಿಟ್ಟಿದ್ದು. ಈಗ ಆಸ್ಪತ್ರೆ ಚೀಲವನ್ನ ನಿಜವಾಗ್ಲೂ ಬಿಟ್ಟಿದ್ದೀನಲ್ಲ, ಇದನ್ನ ತಿನ್ನಬಹುದು." ನನ್ನ ಬರಿಗಾಲು ನೋಡಿದರು. ಅರ್ಥವಾಯಿತು ಅವರಿಗೆ. ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿ, ನನ್ನ ಕೈ ತೆಗೆದುಕೊಂಡು ತಮ್ಮ ಮೂಗಿನ ಕೆಳಗೆ ಹಿಡಿದುಕೊಂಡರು. ಬೆಚ್ಚಗಿತ್ತು. "ಇದು ಕೊನೇ ಸಲ," ಎಂದರು.

ಮಧ್ಯಾಹ್ನ ಕಡಲೆಬೇಳೆ ಹಾಕಿ ಪಲ್ಯ ಮಾಡಿದೆ. ಅವರು ಔಷಧ ಕುಡಿಯುವವರ ಮುಖ ಮಾಡಿಕೊಂಡು ಅಷ್ಟನ್ನೂ ತಿಂದರು. ನಾನು ಎದುರು ಕುಳಿತು ಬಡಿಸಿದೆ, ಮತ್ತೆ ಬಡಿಸಿದೆ. ಭಾನುವಾರ ಇಬ್ಬರೂ ಎಜ್‌ವೇರಿಗೆ ಹೋಗಿ ಸುಶೀಲಾಬಾಯಿಯ ಡಬ್ಬಿ ಕೊಟ್ಟು ಬಂದೆವು.